ಐದನೆಯ ಮೆಟ್ಟಿಲು

೧೨ ಜನವರಿ ೧೯೯೭

ಪ್ರೀತಿಯ ಕಡ್ಡಿ,

ಐವತ್ತೈದು ದಾಟಿದ ಮನುಷ್ಯನನ್ನು ಇನ್ನೂ ಕಡ್ಡಿ ಎಂದು ಕರೆಯುವುದು ಚೆನ್ನಾಗಿರುವುದಿಲ್ಲ ಎಂದು ನನ್ನ ಮಗಳು ಬುದ್ಧಿ ಹೇಳುತ್ತಾಳೆ. “ಮಾವನಿಗೂ ಈಗ ಹೊಟ್ಟೆ ಬಂದಿರುತ್ತೆ ಬಿಡಮ್ಮ” ಅಂತಾಳೆ. ಬಂದಿದೆಯೋ ಇಲ್ಲವೋ ನನಗೇನು ಗೊತ್ತು? ನಿನ್ನ ಮುಖ ನೋಡಿ ಹನ್ನೆರಡು ವರ್ಷವಾಯಿತು. ಅದೂ ಅವಳ ಮದುವೆಯ ದಿನ, ಅವಳ ಗಂಡನ ಊರಿನಲ್ಲಿ. ಊಟಕ್ಕೆ ಕೂರುವ ಹೊತ್ತಿಗೆ ಬಸ್ಸಿನ ನೆಪ ಹೇಳಿ ಮಾಯವಾದೆ. ನಾವು ಹಳೆಯ ಮನೆ ಬಿಟ್ಟು ಈ ಫ್ಲ್ಯಾಟಿಗೆ ಬಂದು ಇಪ್ಪತ್ತೆರಡು ವರ್ಷ. ಒಂದು ಸಲವಾದರೂ ಇಲ್ಲಿಯ ಹೊಸ್ತಿಲು ತುಳಿದಿದ್ದೀಯಾ?

ಇಡೀ ಲೋಕ ಇಲ್ಲಿಗೆ ಬರುತ್ತದೆ, ಗೊತ್ತಾ. ಭಾನುವಾರ ಸಂಜೆ ನಮ್ಮ ಬಾಲ್ಕನಿಯಿಂದ ನೋಡಿದರೆ ಸಮುದ್ರದ ದಂಡೆ ಕಾಣುವುದಿಲ್ಲ, ಬರೀ ತಲೆಗಳು. ಅಪ್ಪ ಹಗ್ಗ ಹೊಸೆಯಲು ಕಂಬ ನೆಟ್ಟಿದ್ದರಲ್ಲ, ಆ ಸಾಲಿನುದ್ದಕ್ಕೂ ಈಗ ಕಲ್ಲುಬೆಂಚು, ದೀಪದ ಕಂಬ. ನಮ್ಮ ಮನೆ ಇದ್ದಲ್ಲಿ ನಾಲ್ಕು ರಸ್ತೆ ಕೂಡುತ್ತವೆ. ಬಸ್ಸಿನಲ್ಲಿ ಬಂದವರಿಗೆ ಒಬ್ಬ ಮೈಕು ಹಿಡಿದು ವಿವರಿಸುತ್ತಾನೆ: “ನೀವೆಲ್ಲ ಈಗ ನಿಂತಿರೋದು ಸಮುದ್ರದ ಮೇಲೆ!” ಅವರು ಕಾಲು ಎತ್ತಿ ಎತ್ತಿ ನೋಡಿಕೊಳ್ಳುತ್ತಾರೆ. ಇದನ್ನು ತುಂಬಿಸುವಾಗ ನೆಲದ ಮಟ್ಟ ಅಳೆದವನು ನನ್ನ ತಮ್ಮ ಎಂದು ಮೇಲಿನಿಂದ ಕೂಗಿ ಹೇಳಬೇಕೆನಿಸುತ್ತದೆ. ಆದರೆ ಅಳೆದವನೇ ನೋಡಲು ಬಂದಿಲ್ಲ ಎಂದರೆ ನಗುತ್ತಾರೆ.

ನಿನ್ನ ಭಾವ ಹೋಗಿ ಈ ತಿಂಗಳಿಗೆ ಒಂದು ವರ್ಷವಾಯಿತು. ನಿನಗೆ ಆಗ ಜ್ವರವಿತ್ತು ಎಂದು ಬರೆದಿದ್ದೆ. ಇರಲಿ.

ಒಂದು ತಮಾಷೆ ಕೇಳು. ನಾವು ಬಂದಾಗ ಕಟ್ಟಡದ ಬಾಗಿಲಿಗೆ ಒಂದೇ ಮೆಟ್ಟಿಲಿತ್ತು. ಈಗ ನಾಲ್ಕು. ಕಟ್ಟಡ ಕೆಳಗಿನ ಬಂಡೆಯ ತನಕ ಕಂಬ ಇಳಿಸಿಕೊಂಡು ಜಂಬದಿಂದ ನಿಂತಿದೆ. ಸುತ್ತಲಿನ ನೆಲ ಮಾತ್ರ ಮೆಟ್ಟಿಲ ಸಮೇತ ಇಳಿಯುತ್ತಿದೆ. ಬಾಗಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ ಸಂದಿ ಬಂದಾಗಲೆಲ್ಲ ಗಾರೆಯವನನ್ನು ಕರೆಸಿ ಇನ್ನೊಂದನ್ನು ಕಟ್ಟಿಸುತ್ತೇವೆ. ಮಕ್ಕಳು ಬೆಳೆದಂತೆ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತೇನಲ್ಲ, ಹಾಗೆ. ನನ್ನ ಮೊಣಕಾಲಿಗೆ ಮಾತ್ರ ಇದು ತಮಾಷೆಯಲ್ಲ.

ಮಾರ್ಚಿನಲ್ಲಿ ಬಾ. ಮೆಟ್ಟಿಲ ಬುಡದಲ್ಲಿ ನಿನಗೆ ತೋರಿಸಬೇಕಾದ್ದು ಒಂದಿದೆ. ಏನೆಂದು ಬರೆಯುವುದಿಲ್ಲ, ಬಂದು ನೋಡು.

ಅಕ್ಕ

೨ ಫೆಬ್ರವರಿ ೧೯೯೭

ಅಕ್ಕನಿಗೆ ನಮಸ್ಕಾರ.

ಪತ್ರ ತಲುಪಿತು. ಹೊಟ್ಟೆ ಬಂದಿಲ್ಲ. ಬೆನ್ನುನೋವು ಬಂದಿದೆ.

ಮಾರ್ಚಿನಲ್ಲಿ ಕಷ್ಟ. ಇಲ್ಲಿ ರಸ್ತೆ ಅಗಲ ಮಾಡುತ್ತಿದ್ದಾರೆ, ಅಳತೆಗೆ ನಾನೊಬ್ಬನೇ. ನಿವೃತ್ತಿ ಹತ್ತಿರವಿರುವವನಿಗೆ ರಜೆ ಕೊಡಲು ಸಾಹೇಬರಿಗೆ ಕೈ ಬರುವುದಿಲ್ಲ. ಮಳೆ ಕಳೆಯಲಿ, ನೋಡೋಣ.

ಕೆಲವು ವಿಷಯ ಬೇಕಿತ್ತು. ನಾಲ್ಕು ಮೆಟ್ಟಿಲುಗಳ ಎತ್ತರ ಎಷ್ಟೆಷ್ಟು? ಒಂದೊಂದನ್ನೂ ಯಾವ ವರ್ಷ ಕಟ್ಟಿಸಿದಿರಿ? ಗೋಡೆಯಲ್ಲಿ ಬಿರುಕು ಇದ್ದರೆ ಅಡ್ಡ ಇದೆಯೋ ಓರೆ ಇದೆಯೋ? ತಟ್ಟೆಯ ತುಂಬ ನೀರು ತುಂಬಿ ಅಡುಗೆಮನೆಯ ನೆಲದ ಮೇಲಿಡು, ಯಾವ ಕಡೆ ಚೆಲ್ಲುತ್ತದೆ ಬರೆ. ಕುಡಿಯುವ ನೀರಿನ ಕೊಳವೆ ಎಷ್ಟು ಸಲ ಒಡೆಯಿತು?

ಮೊಣಕಾಲಿಗೆ ಬಿಸಿನೀರು ಹಾಕಿಕೋ. ಮೆಟ್ಟಿಲು ಇಳಿಯುವಾಗ ಯಾರದಾದರೂ ಕೈ ಹಿಡಿದುಕೋ.

ನಿನ್ನ ತಮ್ಮ

೨೦ ಫೆಬ್ರವರಿ ೧೯೯೭

ಕಡ್ಡಿ,

ನೀನು ಅಕ್ಕನಿಗೆ ಕಾಗದ ಬರೆದೆಯೋ ಕಚೇರಿಗೆ ಅರ್ಜಿ ಬರೆದೆಯೋ? ಓದಿ ನಕ್ಕು ನಕ್ಕು ಸಾಕಾಯಿತು. ಆಮೇಲೆ, ಇಷ್ಟೆಲ್ಲ ಕೇಳುವವನಿಗೆ ಅಕ್ಕನ ಮೇಲೆ ಎಷ್ಟು ಕಾಳಜಿ ಎಂದು ಕಣ್ಣು ತುಂಬಿತು. ಬಾಯಿಬಿಟ್ಟು ಪ್ರೀತಿ ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಹೊಲಿಗೆಯ ಟೇಪು ಹಿಡಿದು ನಾನೇ ಕೆಳಗಿಳಿದೆ. ಎಲ್ಲಕ್ಕಿಂತ ಕೆಳಗಿನದು ಅರ್ಧ ಮಣ್ಣಿನಲ್ಲಿ ಹೂತಿದೆ. ಹೊಸದರಲ್ಲಿ ಆರು ಇಂಚು ಇತ್ತು. ಅದರ ಮೇಲಿನದು ಏಳು, ಆಮೇಲೆ ಏಳೂವರೆ, ಆಮೇಲೆ ಏಳು. ಎರಡನೆಯದು ನಾವು ಇಲ್ಲಿಗೆ ಬಂದ ನಾಲ್ಕೇ ವರ್ಷಕ್ಕೆ, ಮೂರನೆಯದು ಎಂಟಕ್ಕೆ, ನಾಲ್ಕನೆಯದು ಹದಿನಾಲ್ಕಕ್ಕೆ. ಬಿರುಕು ಓರೆ. ನೀರು ಸಮುದ್ರದ ಕಡೆಗೇ ಚೆಲ್ಲುತ್ತದೆ, ತವರಿಗೆ ಓಡುವ ಹುಡುಗಿಯ ಹಾಗೆ. ಕೊಳವೆ ಒಡೆದ ಲೆಕ್ಕ ಇಟ್ಟಿಲ್ಲ.

ಈಗ ನಾನು ಕೇಳುತ್ತೇನೆ, ನೀನು ಹೇಳು. ಭಾವನ ಮೇಲಿನ ಸಿಟ್ಟೇ ತಾನೇ? ಅಳತೆಯ ಕೆಲಸದ ದಿನಗಳಲ್ಲಿ ನೀನು ಮಧ್ಯಾಹ್ನ ಹಳೆಯ ಮನೆಗೆ ಊಟಕ್ಕೆ ಬಂದಾಗ ಅವರು, “ಬನ್ನಿ ಸಾಹೇಬ್ರೇ, ಸಮುದ್ರ ತುಂಬ್ತೋ ಇಲ್ವೋ, ನಿಮ್ಮ ಹೊಟ್ಟೆ ತುಂಬಲಿ” ಎಂದು ಕಾಲೆಳೆಯುತ್ತಿದ್ದರು. ಅವರ ಬಾಯಿಯೇ ಹಾಗೆ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಸಾಯುವ ವಾರ ಕೂಡ “ಕಡ್ಡಿ ಬರ್ತಾನಾ?” ಎಂದು ಎರಡು ಸಲ ಕೇಳಿದರು. ಸತ್ತವರ ಮೇಲೆ ಹಗೆ ಬೇಡ ಕಣೋ. ಅವರ ಪರವಾಗಿ ನಾನು ತಪ್ಪಾಯಿತು ಎನ್ನುತ್ತೇನೆ.

ಇನ್ನೊಂದು. ನಮ್ಮ ಕಟ್ಟಡದ ಸಂಘಕ್ಕೆ ಒಬ್ಬರು ರಿಟೈರಾದ ಮೇಷ್ಟ್ರು ಕಾರ್ಯದರ್ಶಿ. ರಸ್ತೆ, ಕೊಳವೆ, ಚರಂಡಿ ಎಲ್ಲ ಮುರಿದು ಬೀಳುತ್ತಿದೆ, ಇಲ್ಲಿ ಇರುವುದೇ ಅಪಾಯ, ನಮಗೆ ಬೇರೆ ಮನೆ ಕೊಡಿ ಎಂದು, ಈ ನೆಲ ತುಂಬಿಸಿದ ಬಂದರು ಕಚೇರಿಗೆ ಬರೆದಿದ್ದಾರೆ. ಅವರ ಉತ್ತರವೇನು ಗೊತ್ತೇ? “ಜನ ವಾಸಕ್ಕೆ ಬರುವ ಮುಂಚೆ ಮೂರು ವರ್ಷ ಅಳೆದು ನೋಡಿದ್ದೇವೆ, ನೆಲ ಕುಸಿಯುವುದು ನಿಂತಿತ್ತು. ಈಗ ಕುಸಿದರೆ ಅದು ನೀವು ಹಾಕಿಕೊಂಡ ನೀರಿನ ತೊಟ್ಟಿಗಳಿಂದ.” ನಮ್ಮ ತೊಟ್ಟಿಗೆ ಅಷ್ಟು ಶಕ್ತಿಯಿದ್ದಿದ್ದರೆ ಒಂದು ದಿನವಾದರೂ ತುಂಬಿರುತ್ತಿತ್ತು! ಆ ಅಳತೆ ಪುಸ್ತಕ ಕಚೇರಿಯಲ್ಲಿ ಸಿಗುತ್ತಿಲ್ಲವಂತೆ. ನಿನ್ನ ಹತ್ತಿರ ಹಳೆಯ ಪ್ರತಿ ಏನಾದರೂ ಇದೆಯಾ? ನೋಡಿ ಬರೆ.

ಅಕ್ಕ

೯ ಏಪ್ರಿಲ್ ೧೯೯೭

ಅಕ್ಕನಿಗೆ,

ಹಳೆಯ ಪುಸ್ತಕಗಳು ಗೆದ್ದಲು ತಿಂದು ಹೋಗಿವೆ. ನನ್ನ ಹತ್ತಿರ ಏನೂ ಇಲ್ಲ.

ಸಂಘದ ಗಲಾಟೆಯಲ್ಲಿ ನೀನು ಸೇರಬೇಡ. ಮೇಷ್ಟ್ರಿಗೆ ಹೊತ್ತು ಹೋಗುವುದಿಲ್ಲ, ಅದಕ್ಕೆ ಇದೆಲ್ಲ. ಯಾರು ಅಳೆದರು, ಯಾವಾಗ ಅಳೆದರು ಎಂದು ಇಪ್ಪತ್ತೈದು ವರ್ಷದ ಮೇಲೆ ಕೆದಕಿದರೆ ಯಾರಿಗೂ ಲಾಭವಿಲ್ಲ. ನಿನಗೆ ಕೇಳಬೇಕಾದ್ದು ಇದ್ದರೆ ನೇರವಾಗಿ ಕೇಳಬಹುದಿತ್ತು. ಸುತ್ತಿ ಬಳಸಿ ಭಾವನ ಮಾತು, ಮಧ್ಯಾಹ್ನದ ಊಟದ ಮಾತು ಎತ್ತುವ ಅಗತ್ಯ ಇರಲಿಲ್ಲ.

ತಮ್ಮ

೧೫ ಏಪ್ರಿಲ್ ೧೯೯೭

ತಮ್ಮನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಾನು ಏನು ತಪ್ಪು ಕೇಳಿದೆ ಎಂದು ತಿಳಿಯಲಿಲ್ಲ. ಪುಸ್ತಕ ಇಲ್ಲ ಎಂದರೆ ಇಲ್ಲ, ಮುಗಿಯಿತು. ಊಟಕ್ಕೆ ಹಾಕಿದ ಕೈ ಅದನ್ನು ನೆನೆದರೆ ಅದು ಚುಚ್ಚು ಮಾತೇ?

ಮೇಷ್ಟ್ರಿಗೆ ಹೊತ್ತು ಹೋಗದೆ ಇರಬಹುದು. ಅವರ ಮನೆಯ ಕೆಳಗೆ ಚರಂಡಿ ಒಡೆದು ಹತ್ತು ದಿನವಾಗಿದೆ.

ಇನ್ನು ಮೇಲೆ ಬಾ ಎಂದು ಕರೆಯುವುದಿಲ್ಲ. ನಿನ್ನ ಬೆನ್ನು ಹುಷಾರು.

ಅಕ್ಕ

೩ ಸೆಪ್ಟೆಂಬರ್ ೧೯೯೭

ತಮ್ಮನಿಗೆ,

ನಾಲ್ಕೂವರೆ ತಿಂಗಳಾಯಿತು. ನಾನೂ ಹಟದವಳೇ, ನೀನೇ ಮೊದಲು ಬರೆಯಲಿ ಎಂದು ಕಾದೆ. ಇಬ್ಬರೂ ಅಪ್ಪನ ಮಕ್ಕಳು ತಾನೇ. ಅದಕ್ಕೆ ದೊಡ್ಡವಳು ನಾನೇ ಸೋತೆ.

ಐದನೆಯ ಮೆಟ್ಟಿಲು ಕಟ್ಟಿದರು. ಇದು ಎಂಟು ಇಂಚು. ಒಳಗಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯಿದೆ, ಹೊರಗಿನದಕ್ಕೆ ಇಲ್ಲ. ಹಾಕಿಸಿದ ಕಂಬಿ ನಿಲ್ಲುವುದೇ ಇಲ್ಲ, ನೆಲದ ಜೊತೆ ಜಾರಿ ಬಾಗುತ್ತದೆ. ಒಂದು ದಿನ ಇಳಿಯಲು ಹೋಗಿ ಅರ್ಧ ದಾರಿಯಲ್ಲಿ ಮೊಣಕಾಲು ಕೈಕೊಟ್ಟಿತು. ಬೀಳಲಿಲ್ಲ, ಕೂತೆ. ಭಾನುವಾರ ಬೇರೆ. ನೋಡಲು ಬಂದ ಜನ ನನ್ನನ್ನೂ ನೋಡಿಕೊಂಡು ಹೋದರು. ಒಬ್ಬಳು ಹುಡುಗಿ, “ಅಜ್ಜಿ, ಇಲ್ಲಿ ಕೂತ್ರೆ ಗಾಳಿ ಚೆನ್ನಾಗಿ ಬರುತ್ತಾ?” ಅಂತ ಕೇಳಿದಳು. “ಬರುತ್ತಮ್ಮ, ಎದ್ದೇಳೋಕೇ ಮನಸ್ಸಾಗಲ್ಲ” ಅಂದೆ.

ಆಮೇಲೆ ಕೆಳಗಿಳಿದಿಲ್ಲ. ಅಪ್ಪ ಹೊಸೆದ ಹಗ್ಗ ಒಂದು ಸುತ್ತು ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಬುಟ್ಟಿ ಕಟ್ಟಿ ಬಾಲ್ಕನಿಯಿಂದ ಇಳಿಬಿಡುತ್ತೇನೆ. ತರಕಾರಿಯವಳು ತುಂಬುತ್ತಾಳೆ, ಹೊಲಿಯಲು ಕೊಡುವವರು ಬಟ್ಟೆ ಹಾಕುತ್ತಾರೆ. ಹಗ್ಗ ಮಾತ್ರ ಇನ್ನೂ ಗಟ್ಟಿ.

ನಿನ್ನ ಭಾವನನ್ನು ಕೊನೆಯ ಸಲ ಇಳಿಸುವಾಗ ಮೆಟ್ಟಿಲು ಸಮ ಇಲ್ಲದೆ ಹೊತ್ತವರೊಬ್ಬರು ಎಡವಿದರು. ಭಾವನ ತಲೆ ಒಂದು ಕಡೆ ವಾಲಿತು. ನಾನು ಮೇಲಿನಿಂದ ನೋಡುತ್ತಿದ್ದೆ. ನೀನು ಇದ್ದಿದ್ದರೆ ತಲೆಯ ಕಡೆ ಹಿಡಿಯುತ್ತಿದ್ದೆ ಎನಿಸಿತು. ಇದನ್ನು ಇಷ್ಟು ದಿನ ಬರೆದಿರಲಿಲ್ಲ.

ಮಗಳು ತನ್ನ ಹತ್ತಿರ ಬಂದುಬಿಡು ಎಂದು ಗಂಟುಬಿದ್ದಿದ್ದಾಳೆ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಹಿಂದೆ ಒಂದು ಸಲ ಕೇಳಿದ್ದೆ, ಸಾಕು.

ಅಕ್ಕ

೨೨ ಸೆಪ್ಟೆಂಬರ್ ೧೯೯೭

ಅಕ್ಕ,

ನಿನ್ನ ಕೊನೆಯ ಸಾಲು ನನ್ನನ್ನು ಮಲಗಗೊಡಲಿಲ್ಲ. “ಹಿಂದೆ ಒಂದು ಸಲ ಕೇಳಿದ್ದೆ.” ಹೌದು, ಕೇಳಿದ್ದೆ. ಹಳೆಯ ಮನೆ ಒಡೆಯುವ ಮುಂಚೆ ಕಚೇರಿಯವರು, ಗುಡ್ಡದ ಕಡೆ ಒಂದು ನಿವೇಶನ ಅಥವಾ ತುಂಬಿದ ನೆಲದ ಮೇಲೆ ಒಂದು ಫ್ಲ್ಯಾಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದಿದ್ದರು. ಭಾವನಿಗೆ ಗುಡ್ಡದ ಕಡೆ ಮನಸ್ಸಿತ್ತು. ನೀನು ನನ್ನನ್ನು ಕೇಳಿದೆ: “ಅಲ್ಲಿ ನೆಲ ಗಟ್ಟಿ ಇದೆಯೇನೋ?” ನಾನು ಹೇಳಿದೆ: “ಕಲ್ಲು ಇದ್ದ ಹಾಗಿದೆ ಅಕ್ಕ.” ನಾನು ಸುಳ್ಳು ಹೇಳಿದೆ.

ಪುಸ್ತಕ ಗೆದ್ದಲು ತಿಂದಿಲ್ಲ. ನನ್ನ ಟ್ರಂಕಿನಲ್ಲಿದೆ. ಇಪ್ಪತ್ತೆರಡು ವರ್ಷದಿಂದ ಇದೆ. ಏಪ್ರಿಲ್‌ನಲ್ಲಿ ನಾನು ಹಾಗೆ ಬರೆದದ್ದು, ನಿನಗೆ ಎಲ್ಲ ಗೊತ್ತಾಗಿ ಹೋಗಿದೆ, ಬೇಕೆಂತಲೇ ಊಟದ ಮಾತು ಎತ್ತಿ ಚುಚ್ಚುತ್ತಿದ್ದೀಯ ಎಂದುಕೊಂಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದೇ ನಾನು. ಮೆಟ್ಟಿಲಿನ ಅಳತೆ ಕೇಳಿದ್ದೂ ಕಾಳಜಿಯಿಂದಲ್ಲ ಅಕ್ಕ. ನನ್ನ ತಪ್ಪು ಈಗ ಎಷ್ಟು ಇಂಚಾಗಿದೆ ಎಂದು ತಿಳಿಯಬೇಕಿತ್ತು.

ನಡೆದದ್ದು ಇಷ್ಟು. ತುಂಬಿದ ಮಣ್ಣು ಕುಸಿಯುತ್ತದೆಯೇ ನಿಂತಿದೆಯೇ ಎಂದು ವಾರವಾರ ಅಳೆಯಬೇಕಿತ್ತು. ಅಳೆಯಲು ಅಲುಗದ ಗುರುತು ಒಂದು ಬೇಕು. ದೀಪಸ್ತಂಭದ ಗುಡ್ಡದ ಬಂಡೆಯ ಮೇಲೆ ಕಚೇರಿಯ ಗುರುತುಕಲ್ಲು ಇತ್ತು, ಆದರೆ ಪ್ರತಿ ವಾರ ಅಲ್ಲಿಂದ ಅಳೆಯುವುದು ದೂರ. ದಂಡೆಯ ಹತ್ತಿರ ಇನ್ನೊಂದು ಗುರುತು ಹುಡುಕಿ ಎಂದರು. ನಾನು ನಮ್ಮ ಮನೆಯ ಬಾಗಿಲ ಮುಂದಿನ ಮೆಟ್ಟಿಲ ಕಲ್ಲು ತೋರಿಸಿದೆ. “ಊರು ಮುಳುಗಿದ್ರೂ ನಮ್ಮ ಕಲ್ಲು ಅಲುಗಲ್ಲ” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರಲ್ಲ! ಅದರ ಪಕ್ಕಕ್ಕೆ ಕೆಂಪು ಗೆರೆ ಎಳೆದೆ. ತಿಂಗಳಿಗೊಮ್ಮೆ ಮಾತ್ರ ಗುಡ್ಡದಿಂದ ಅಳೆದು, ನಮ್ಮ ಕಲ್ಲು ಇದ್ದಲ್ಲೇ ಇದೆಯೇ ಎಂದು ತಾಳೆ ನೋಡಿ, ಪುಸ್ತಕದಲ್ಲಿ “ಸರಿ” ಎಂದು ಬರೆಯಬೇಕಿತ್ತು.

ಮೊದಲ ನಾಲ್ಕು ತಿಂಗಳು ಹೋದೆ. ಐದನೆಯ ತಿಂಗಳು ಬಿಸಿಲು ಜೋರಿತ್ತು. ಮನೆಯ ಮುಂದೆಯೇ ನಿಂತಿದ್ದೆ, ಒಳಗಿನಿಂದ ಊಟದ ವಾಸನೆ ಬರುತ್ತಿತ್ತು, ನೀನು “ಕೈ ತೊಳ್ಕೊ ಬಾ” ಎಂದೆ. ಹೋಗದೆಯೇ “ಸರಿ” ಎಂದು ಬರೆದೆ. ನಮ್ಮ ಮನೆಯ ಕಲ್ಲಲ್ಲವೇ, ಎಲ್ಲಿ ಹೋಗುತ್ತದೆ? ಅದೂ ಸೇರಿ ಮೂವತ್ತೊಂದು ತಿಂಗಳು ಹಾಗೆಯೇ ಬರೆದೆ. ಆ ಮೂವತ್ತೊಂದು “ಸರಿ”ಯನ್ನೂ ನಿನ್ನ ಊಟ ಮಾಡಿ, ಕೈ ಒರೆಸಿಕೊಂಡು ಬರೆದದ್ದು.

ಮನೆ ಒಡೆಯುವ ಹಿಂದಿನ ತಿಂಗಳು, ಗುರುತನ್ನು ಬೇರೆ ಕಡೆಗೆ ಸಾಗಿಸಲು ಗುಡ್ಡ ಹತ್ತಲೇಬೇಕಾಯಿತು. ನಮ್ಮ ಕಲ್ಲು ಒಂಬತ್ತು ಇಂಚು ಇಳಿದಿತ್ತು. ತುಂಬಿದ ಮಣ್ಣಿನ ಭಾರಕ್ಕೆ ಹಳೆಯ ದಂಡೆಯೂ ಕುಸಿದು, ನೆಲದ ಜೊತೆ ಜೊತೆಗೇ ಅದೂ ಇಳಿದಿತ್ತು. ಎರಡೂ ಒಟ್ಟಿಗೆ ಇಳಿದರೆ ಒಂದರಿಂದ ಇನ್ನೊಂದನ್ನು ಅಳೆದವನಿಗೆ ಎರಡೂ ನಿಂತ ಹಾಗೆಯೇ ಕಾಣುತ್ತದೆ. ಮೂರು ಸಲ ಅಳೆದೆ. ಮೂರು ಸಲವೂ ಒಂಬತ್ತು. ಆಗ ಕಟ್ಟಡಗಳು ಅರ್ಧ ಎದ್ದಿದ್ದವು. ಹೇಳಬಹುದಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಪುಸ್ತಕ ತೆಗೆದು ಕೊನೆಯ ಸಾಲಿನಲ್ಲೂ “ಸರಿ” ಎಂದು ಬರೆದೆ. ಅದೇ ವಾರ ನೀನು ನೆಲ ಗಟ್ಟಿ ಇದೆಯಾ ಎಂದು ಕೇಳಿದ್ದು. ಆ ಮಧ್ಯಾಹ್ನ ನಿನ್ನ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆಮೇಲೆ ಪುಸ್ತಕ ಯಾರ ಕೈಗೂ ಸಿಗಬಾರದೆಂದು ಎತ್ತಿಕೊಂಡು, ಸಮುದ್ರವೇ ಕಾಣದ ಊರಿಗೆ ವರ್ಗ ಮಾಡಿಸಿಕೊಂಡೆ.

ಭಾವನ ಮೇಲೆ ನನಗೆ ಯಾವತ್ತೂ ಸಿಟ್ಟು ಇರಲಿಲ್ಲ. ಜ್ವರವೂ ಇರಲಿಲ್ಲ. ಆ ಮೆಟ್ಟಿಲುಗಳನ್ನು ನೋಡಲು ಧೈರ್ಯವಿರಲಿಲ್ಲ.

ಈಗ ಏನು ಮಾಡಲಿ, ನೀನೇ ಹೇಳು.

ಕಡ್ಡಿ

೧೯ ಅಕ್ಟೋಬರ್ ೧೯೯೭

ಕಡ್ಡಿ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈದಿದ್ದೆ, ಎರಡನೆಯದರಲ್ಲಿ ಬರೀ ಅತ್ತಿದ್ದೆ.

ನೀನು ಬರೆದದ್ದು ನನಗೆ ಗೊತ್ತಿತ್ತು. ಎಲ್ಲ ಅಲ್ಲ, ನೀನು ಗುಡ್ಡಕ್ಕೆ ಹೋಗುತ್ತಿರಲಿಲ್ಲ ಎನ್ನುವುದು ಗೊತ್ತಿರಲಿಲ್ಲ. ಕೊನೆಗೆ ಗೊತ್ತಿದ್ದೂ ಬರೆದೆ ಎನ್ನುವುದೂ ಗೊತ್ತಿರಲಿಲ್ಲ. ಅದನ್ನು ಓದಿ ಕಾಗದ ಮಡಚಿಟ್ಟು ಎರಡು ದಿನ ಮುಟ್ಟಲಿಲ್ಲ. ಆದರೆ ಆ ಕಲ್ಲಿನ ವಿಷಯ ನಿನಗಿಂತ ಮೊದಲು ನನಗೆ ಗೊತ್ತಿತ್ತು.

ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅಪ್ಪ ಆ ಕಲ್ಲನ್ನು ಹಾರೆ ಹಾಕಿ ಎತ್ತುತ್ತಿದ್ದರು. ನಾನು ಅದರ ಕೆಳಗೆ ಹೆಂಚಿನ ಚೂರು, ಜಲ್ಲಿ ತುರುಕುತ್ತಿದ್ದೆ. ಬೆರಳು ಸಿಕ್ಕಿಕೊಂಡೀತೆಂದು ನಿನ್ನನ್ನು ಅತ್ತ ಬಿಡುತ್ತಿರಲಿಲ್ಲ, ನೀನು ಒಬ್ಬನೇ ಗಂಡು ಮಗ. ಅದು ಯಾವಾಗಲೂ ಇಳಿಯುತ್ತಲೇ ಇತ್ತು ಕಣೋ. ಅಲುಗದ ಹಾಗೆ ಕಾಣುತ್ತಿದ್ದದ್ದು ನಾವಿಬ್ಬರು ಎತ್ತುತ್ತಿದ್ದೆವು ಎಂದು. ಕೆಲಸ ಮುಗಿದ ಮೇಲೆ ಅಪ್ಪ ಅದರ ಮೇಲೆ ನಿಂತು, “ಊರು ಮುಳುಗಿದ್ರೂ...” ಎಂದು ಮೀಸೆ ತಿರುವುತ್ತಿದ್ದರು, ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು. ಅವರು ಹೋದ ಮೇಲೆ ಎತ್ತುವವರು ಯಾರೂ ಇರಲಿಲ್ಲ.

ನೀನು ಕೆಂಪು ಗೆರೆ ಎಳೆದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ನಿನ್ನ ಸಾಹೇಬರು ಬೂಟುಕಾಲಿನಿಂದ ಕಲ್ಲನ್ನು ಒದ್ದು ನೋಡಿ, “ಇದಕ್ಕಿಂತ ಗಟ್ಟಿ ಬೇಕಾ!” ಎಂದರು. ನೀನು ಎದೆ ಉಬ್ಬಿಸಿ ನಿಂತಿದ್ದೆ. ಅಪ್ಪ ಸತ್ತ ಮೇಲೆ ಅದೇ ಮೊದಲ ಸಲ ನಿನ್ನ ಮುಖದಲ್ಲಿ ಗೆಲುವು ಕಂಡದ್ದು. ಮಾತು ನಾಲಿಗೆಯ ತುದಿಗೆ ಬಂತು. ಪರರ ಎದುರಿಗೆ ಅಪ್ಪನ ಜಂಬವನ್ನೂ ನಿನ್ನ ಜಂಬವನ್ನೂ ಒಟ್ಟಿಗೆ ಒಡೆಯಲು ಮನಸ್ಸು ಬರಲಿಲ್ಲ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಏನೋ ಕೆಲಸ ಬಂತು. ನಾಳೆ ಎಂದುಕೊಂಡೆ. ನನಗೆ ಬಟ್ಟೆಯ ವಿದ್ಯೆ ಗೊತ್ತು, ಅಳತೆಯ ವಿದ್ಯೆ ಗೊತ್ತಿರಲಿಲ್ಲ. ಇಷ್ಟು ದೊಡ್ಡ ವಿಷಯ ಎಂದು ಹೊಳೆಯಲೇ ಇಲ್ಲ. ಹೊಸ ಬಟ್ಟೆಯನ್ನು ನೆನೆಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಆಮೇಲೆ ಕತ್ತರಿಸುವವಳು ನಾನು. ನೆಲಕ್ಕೂ ಹಾಗೆಯೇ ಎಂದು ಆಗ ಯಾರಾದರೂ ಹೇಳಿದ್ದರೆ ಓಡಿ ಬಂದು ಹೇಳುತ್ತಿದ್ದೆ.

ಇಲ್ಲಿ ಮೂರನೆಯ ಮೆಟ್ಟಿಲು ಕಟ್ಟಿದ ದಿನ ನಿನ್ನ ಭಾವ ಸುಮ್ಮನೆ ಕೇಳಿದರು, “ನಿಮ್ಮಪ್ಪ ಆ ಕಲ್ಲನ್ನ ವರ್ಷ ವರ್ಷ ಎತ್ತಿ ಕಟ್ತಿದ್ರಲ್ಲಾ?” ಅಷ್ಟೇ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಕಡ್ಡಿಗೆ ಬರೀಬೇಡ, ಅವನು ಬಂದಾಗ ಕೂರಿಸ್ಕೊಂಡು ಹೇಳೋಣ” ಎಂದರು. ನೀನು ಬಂದೇ ಇಲ್ಲ. ಹದಿನಾಲ್ಕು ವರ್ಷ ನಾವು ಆ ಮಾತನ್ನು ಬಿಸಿ ಮಾಡಿ ಮಾಡಿ ಇಟ್ಟುಕೊಂಡಿದ್ದೆವು.

ಮೆಟ್ಟಿಲ ಬುಡದಲ್ಲಿ ತೋರಿಸಬೇಕಾದ್ದು ಇದೆ ಎಂದಿದ್ದೆನಲ್ಲ, ಅದು ಅದೇ ಕಲ್ಲು. ಹಳೆಯ ಮನೆ ಒಡೆದಾಗ ಭಾವ ಕೈಗಾಡಿಯಲ್ಲಿ ತಂದು ಇಲ್ಲಿಯ ಬಾಗಿಲಿಗೆ ಹಾಕಿಸಿದರು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಅದೇ. ನಿನ್ನ ಕೆಂಪು ಗೆರೆ ಈಗ ಮಣ್ಣಿನಲ್ಲಿದೆ.

ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ನಾನು ಹೊರುತ್ತೇನೆ. ಆದರೆ ನೀನು ಇಪ್ಪತ್ತೆರಡು ವರ್ಷ ಬರಲಿಲ್ಲ ಎನ್ನುವುದರಲ್ಲಿ ನನ್ನ ಪಾಲಿಲ್ಲ. ಇಳಿದ ನೆಲಕ್ಕೆ ಮೆಟ್ಟಿಲು ಕಟ್ಟಿಕೊಂಡೆವು. ನೀನು ಬಾರದೆ ಹೋದದ್ದಕ್ಕೆ ಏನು ಕಟ್ಟಿಕೊಳ್ಳಬೇಕಿತ್ತು? ಇದನ್ನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೇ ಗೊತ್ತಿಲ್ಲ. ನೀನು ಎದುರಿಗೆ ಬಂದಾಗ ಗೊತ್ತಾಗುತ್ತದೆ.

ಪುಸ್ತಕವನ್ನು ಮೇಷ್ಟ್ರಿಗೆ ಕಳಿಸು. ನಿನಗೆ ತೊಂದರೆಯಾಗಬಹುದು, ಆಗಲಿ. ಇಲ್ಲಿ ನಲವತ್ತು ಮನೆಗಳಿವೆ. ನನ್ನನ್ನು ಮಗಳು ಡಿಸೆಂಬರ್ ಐದಕ್ಕೆ ಕರೆದುಕೊಂಡು ಹೋಗುತ್ತಾಳೆ. ಆಮೇಲೆ ನಾನು ಈ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ಮುಂಚೆ ಒಂದು ದಿನ ಬಾ. ಊಟಕ್ಕೆ ಬಾ.

ಅಕ್ಕ

೧೧ ನವೆಂಬರ್ ೧೯೯೭

ಅಕ್ಕನಿಗೆ,

ಪುಸ್ತಕವನ್ನು ರಿಜಿಸ್ಟರ್ ಅಂಚೆಯಲ್ಲಿ ಮೇಷ್ಟ್ರಿಗೆ ಕಳಿಸಿದ್ದೇನೆ, ನನ್ನ ಸಹಿ ಮಾಡಿದ ಹೇಳಿಕೆಯ ಜೊತೆಗೆ. ಬಂದರು ಕಚೇರಿಯಲ್ಲಿ ಡಿಸೆಂಬರ್ ಒಂಬತ್ತಕ್ಕೆ ವಿಚಾರಣೆ ಇಟ್ಟಿದ್ದಾರೆ.

ಐದನೆಯ ತಾರೀಕಿನೊಳಗೆ ಬರುತ್ತೇನೆ. ಖಂಡಿತ.

ಕಡ್ಡಿ

೮ ಡಿಸೆಂಬರ್ ೧೯೯೭

ಅಕ್ಕ,

ಇದನ್ನು ನಿನ್ನ ಮಗಳ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕೂತಿರುವುದು ನಿನ್ನ ಐದನೆಯ ಮೆಟ್ಟಿಲಿನ ಮೇಲೆ. ಗಾಳಿ ಚೆನ್ನಾಗಿ ಬರುತ್ತದೆ.

ನಾನು ಬರಲೇ ಇಲ್ಲ ಎಂದು ನೀನು ತಿಳಿದುಕೊಂಡಿರುತ್ತೀಯ. ನಾನು ಮೂರನೆಯ ತಾರೀಕೇ ಬಂದೆ. ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಇಳಿದೆ. ನಾಲ್ಕರಂದು ಬಟ್ಟೆ ಹಾಕಿಕೊಂಡು ಹೊರಟು ಈ ಬಡಾವಣೆಯನ್ನೆಲ್ಲ ಸುತ್ತಿದೆ, ನೋಡಲು ಬಂದವರ ಗುಂಪಿನಲ್ಲಿ ಸೇರಿ, ಮೈಕಿನವನ ಮಾತು ಕೇಳುತ್ತ. ಎಲ್ಲ ಕಡೆ ನೋಡಿದೆ, ನಿನ್ನ ರಸ್ತೆಗೆ ಮಾತ್ರ ತಿರುಗಲಿಲ್ಲ. ನಾಳೆ ಎಂದುಕೊಂಡೆ.

ಐದರಂದು ಬೆಳಿಗ್ಗೆ ನಿನ್ನ ಎದುರುಗಡೆಯ ಚಹಾ ಅಂಗಡಿಯಲ್ಲಿದ್ದೆ. ವ್ಯಾನು ಬಂತು. ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಿದರು. ನೀನು ಇಷ್ಟು ಸಣ್ಣವಳಾಗಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಕುರ್ಚಿ ವಾಲಿತು, ನೀನು “ಏಯ್ ನಿಧಾನ, ನಾನೇನು ಬೀರುನಾ?” ಎಂದು ಬೈದೆ, ಎಲ್ಲರೂ ನಕ್ಕರು. ಕೆಳಗಿಳಿದ ಮೇಲೆ ಕುರ್ಚಿಯಲ್ಲೇ ಕೂತು ರಸ್ತೆಯ ಎರಡೂ ತುದಿ ನೋಡಿದೆ. ತುಂಬ ಹೊತ್ತು ನೋಡಿದೆ. ಯಾರನ್ನು ಎಂದು ನನಗೆ ಗೊತ್ತು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಲೋಟ ಹಿಡಿದು, ಕಂಬದ ಹಿಂದೆ ನಿಂತಿದ್ದೆ. ಕಾಲು ಏಳಲಿಲ್ಲ ಅಕ್ಕ. ಇದಕ್ಕೆ ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ವ್ಯಾನು ಹೋಯಿತು.

ಆಮೇಲೆ ದಾಟಿ ಬಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೇಷ್ಟ್ರು ನಿನ್ನ ಮನೆಯ ಬೀಗ ತೆಗೆದು ತೋರಿಸಿದರು. ಅಡುಗೆಮನೆಯಲ್ಲಿ ಒಂದು ಡಬ್ಬಿ ಮುಚ್ಚಿಟ್ಟಿತ್ತು. “ತಮ್ಮ ಬಂದ್ರೆ ಕೊಡಿ ಅಂತ ಹೇಳಿ ಹೋಗಿದ್ದಾರೆ” ಎಂದರು. ಅನ್ನ ತಣ್ಣಗಾಗಿತ್ತು. ನೆಲದ ಮೇಲೆ ಕೂತು ಅಷ್ಟನ್ನೂ ತಿಂದೆ.

ನಿನ್ನೆ ಮಣ್ಣು ಬಗೆದು ನಮ್ಮ ಕಲ್ಲನ್ನು ಬಿಡಿಸಿದೆ. ಕೆಂಪು ಗೆರೆ ಇದೆ, ಸ್ವಲ್ಪ ಮಾಸಿದೆ. ನಾಳೆಯ ವಿಚಾರಣೆಗೆ ಸರಿಯಾದ ಅಂಕಿ ಬೇಕೆಂದು ಈವತ್ತು ಯಂತ್ರ ಬಾಡಿಗೆಗೆ ತಂದು, ಅಳತೆ ಕೋಲು ಹಿಡಿಯಲು ಮೇಷ್ಟ್ರನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಅಲ್ಲಿಯ ಗುರುತುಕಲ್ಲಿನಿಂದ ಹಂತ ಹಂತವಾಗಿ ಅಳೆಯುತ್ತ ನಮ್ಮ ಕಲ್ಲಿನ ತನಕ ಇಳಿದು ಬಂದೆವು. ನೀವು ವಾಸಕ್ಕೆ ಬಂದಂದಿನಿಂದ ಬಡಾವಣೆಯ ನೆಲ ಎರಡು ಅಡಿ ಐದೂವರೆ ಇಂಚು ಕುಸಿದಿದೆ. ನೀನು ಟೇಪಿನಲ್ಲಿ ಅಳೆದು ಬರೆದದ್ದನ್ನು ಕೂಡಿದರೂ ಅಷ್ಟೇ ಬರುತ್ತದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ಕಚೇರಿಗೆ ನಿನ್ನನ್ನು ಸೇರಿಸಿಕೊಳ್ಳಬೇಕಿತ್ತು.

ನಾಳೆ ಹೇಳಿಕೆ ಕೊಡುತ್ತೇನೆ. ನಾಡಿದ್ದು ನಿನ್ನ ಊರಿನ ರೈಲು ಹತ್ತುತ್ತೇನೆ. ಖಂಡಿತ ಎಂಬ ಮಾತನ್ನು ಈ ಸಲ ಬರೆಯುವುದಿಲ್ಲ. ಬಾಗಿಲು ತೆಗೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇನ್ನೊಂದು ಹೇಳಬೇಕು. ಕೊನೆಯ ಅಂಕಿ ಬರೆದು ಮುಗಿಸಿದಾಗ ಮೇಷ್ಟ್ರು ಗಡಿಯಾರ ನೋಡಿಕೊಂಡರು. ನನ್ನ ಈ ಬೆನ್ನಿನಲ್ಲಿ, ಅವರ ಆ ಉಬ್ಬಸದಲ್ಲಿ, ದಾರಿಯಲ್ಲಿ ಎರಡು ಸಲ ಕೂತು ಸುಧಾರಿಸಿಕೊಂಡು, ಹೊರಟು ಒಂದೂಮುಕ್ಕಾಲು ಗಂಟೆಯಾಗಿತ್ತು.

“ತಿಂಗಳಿಗೊಂದ್ಸಲ ಮಾಡ್ಬೇಕಿದ್ದ ಕೆಲಸ ಇಷ್ಟೇನಾ ಸಾರ್?” ಎಂದರು.

“ಇಷ್ಟೇ ಮೇಷ್ಟ್ರೇ” ಎಂದೆ.

ಕಡ್ಡಿ